ಊಟದ ಮೇಜಿನ ಮೇಲೊಂದು ಬಂಡೆ

ಜನವರಿ ೯

ನನ್ನ ಕೋತಿಮರಿಗೆ,

ಮೊದಲು ಸುದ್ದಿ, ಕ್ಷೇಮ ಸಮಾಚಾರವೆಲ್ಲ ಆಮೇಲೆ. ನಾನು ಬಂಡೆ ಮಾಡುತ್ತಿದ್ದೇನೆ! ನಗಬೇಡ. ನಿನ್ನ ಅಪ್ಪ ನಿನ್ನ ಪಾಲಿನದನ್ನೂ ಸೇರಿಸಿ ನಕ್ಕಾಗಿದೆ.

ನಮ್ಮ ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುವ ಮಾಮ ಇದ್ದಾರಲ್ಲ, ಅವರು ಕೆಟ್ಟ ಗಡಿಯಾರಗಳ ತಂತಿ, ತಗಡು ಸೇರಿಸಿ ಬೆರಳುದ್ದದ ಮೇಕೆಗಳನ್ನು ಮಾಡಿದ್ದಾರೆ. ಗಡ್ಡ, ಕೊಂಬು, ಗೊರಸು, ಒಂದಕ್ಕೂ ಮೋಸವಿಲ್ಲ. ಏಪ್ರಿಲ್‌ನಲ್ಲಿ ಗ್ರಂಥಾಲಯದ ಹಾಲ್‌ನಲ್ಲಿ ಪುಟ್ಟ ಮಾದರಿಗಳ ಪ್ರದರ್ಶನವಂತೆ, ಅದಕ್ಕೆ. ಪ್ಯಾಂಟಿಗೆ ಜಿಪ್ ಹಾಕಿಸಲು ಬಂದವರು ಮೇಕೆಗಳನ್ನು ನನ್ನ ಹೊಲಿಗೆ ಮಿಷನ್ ಮೇಲೆ ಸಾಲಾಗಿ ನಿಲ್ಲಿಸಿ ಮುಖ ಸಪ್ಪೆ ಮಾಡಿಕೊಂಡರು. "ಮೇಕೆ ಅಂದ್ಮೇಲೆ ಬಂಡೆ ಬೇಕಲ್ವಾ? ಹಲಗೆ ಮೇಲೆ ನಿಲ್ಲಿಸಿದ್ರೆ ಕಸಾಯಿ ಅಂಗಡಿಗೆ ಬಂದ ಹಾಗೆ ಕಾಣ್ತವೆ" ಎಂದರು. "ಅಷ್ಟೇ ತಾನೇ, ನಾನು ಮಾಡ್ಕೊಡ್ತೀನಿ ಬಿಡಿ" ಎಂದುಬಿಟ್ಟೆ. ಹೊಲಿಗೆಯವಳಿಗೆ ಬಂಡೆಯ ಉಸಾಬರಿ ಯಾಕೆ ಎಂದು ಕೇಳಬೇಡ. ಈ ಬಾಯಿ ನನ್ನ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಹೊಸ ಮಿಕ್ಸಿಯ ಜೊತೆ ಬಂದಿದ್ದ ಥರ್ಮೋಕೋಲ್ ಅಟ್ಟದಲ್ಲಿತ್ತು. ದೊಡ್ಡ ಕತ್ತರಿಯಿಂದ ಚೆಂದವಾಗಿ ಕತ್ತರಿಸಿ, ಅಂಟಿಸಿ, ಬಾಗಿಲ ಗ್ರಿಲ್‌ಗೆಂದು ನಿನ್ನ ಅಪ್ಪ ತಂದಿಟ್ಟಿದ್ದ ಸ್ಪ್ರೇ ಬಣ್ಣ ಹೊಡೆದೆ. ಹೊಡೆದದ್ದೇ ತಡ, ನನ್ನ ಬೆಟ್ಟ ಸುಯ್ ಎನ್ನುತ್ತ ಕರಗತೊಡಗಿತು! ಆ ಬಣ್ಣದಲ್ಲಿರುವ ಎಂಥದ್ದೋ ಥರ್ಮೋಕೋಲನ್ನು ತಿಂದುಹಾಕುತ್ತದಂತೆ. ಮೇಜಿನ ಮೇಲೆ ಉಳಿದದ್ದು ಕಪ್ಪು ಗಂಜಿ. "ನಿನ್ನ ಬೆಟ್ಟಕ್ಕೆ ಜ್ವರ ಬಂದಿದೆ ಕಣೇ, ಮಲಗಿಸು" ಎಂದರು ನಿನ್ನ ಅಪ್ಪ. ಆಮೇಲೆ ಪ್ಲಾಸ್ಟರ್ ಕಲಸಿ ಬಟ್ಟಲಿಗೆ ಹುಯ್ದೆ. ಅದು ಸ್ನಾನದ ಸೋಪಿನಂತೆ ನುಣ್ಣಗೆ ಎದ್ದು ಬಂತು. ಮೇಕೆ ಇಟ್ಟರೆ ಜಾರಿ ಬೀಳುತ್ತದೆ.

ಈಗ ನನ್ನ ತಲೆ ಚಿಟ್ಟು ಹಿಡಿದಿದೆ, ಆದರೂ ಬಿಡಲು ಮನಸ್ಸಿಲ್ಲ. ಈ ಉತ್ಸಾಹದಲ್ಲಿ ಎರಡು ಪ್ಯಾಂಟುಗಳ ಕಾಲು ಉಲ್ಟಾ ಹೊಲಿದಿದ್ದೇನೆ. ನೀನು ಬಂಡೆಗೆ ಕೆನ್ನೆ ಕೊಟ್ಟುಕೊಂಡು ಬದುಕುವವಳು. ಹೇಳು, ನಿಜವಾದ ಬಂಡೆ ಹೇಗಿರುತ್ತದೆ? ಹೇಗೆ ಒಡೆಯುತ್ತದೆ? ಬಂಡೆ ಹತ್ತುವ ನಿನ್ನ ಶಿಬಿರದಲ್ಲಿ ಫೋನಿಗೆ ಸಿಗ್ನಲ್ ಇಲ್ಲದ್ದು ಒಳ್ಳೆಯದೇ ಆಯಿತು. ಇಷ್ಟನ್ನೂ ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧಕ್ಕೇ ಇಡುತ್ತಿದ್ದೆ.

ನಿನ್ನ ಬಂಡೆಯ ವಿಷಯ ಮಾತ್ರ ನಾನು ಕೇಳುವುದಿಲ್ಲ. ಮೂರನೇ ಸಲ ಪ್ರಯತ್ನ ಮಾಡುವುದು, ಆಗದಿದ್ದರೆ ಹಗ್ಗ ಸುತ್ತಿಟ್ಟು ಮನೆಗೆ ಬರುವುದು ಎಂದು ಮಾತಾಗಿದೆ. ನಿನಗೆ ಕೆಲಸ ಕೊಡುತ್ತೇನೆಂದ ವಿಮಾ ಕಚೇರಿಯ ಮೇಡಂ ಮೊನ್ನೆ ಕೋಟಿನ ಅಳತೆ ಕೊಡಲು ಬಂದಿದ್ದರು. "ಅವಳ ಕುರ್ಚಿ ಏಪ್ರಿಲ್‌ವರೆಗೂ ಖಾಲಿ ಇಡ್ತೀನಿ" ಎಂದು ಅವರಾಗಿಯೇ ಹೇಳಿದರು. ಫ್ಯಾನಿನ ಕೆಳಗಿನ ಕುರ್ಚಿ. ನೆನಪಿರಲಿ ಎಂದು ಬರೆದೆ, ಅಷ್ಟೇ.

ನಿನ್ನ ಅಮ್ಮ

*

ಜನವರಿ ೨೧

ಅಮ್ಮ,

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ! ಜೋರಾಗಿ ಓದಿ ಹೇಳಿದೆ, ಕುಳ್ಳಿ ಟೆಂಟಿನೊಳಗೆ ಉರುಳಾಡಿದಳು. (ಕುಳ್ಳಿ ನನ್ನ ಜೊತೆಗಾತಿ, ಕೆಳಗೆ ನಿಂತು ನನ್ನ ಹಗ್ಗ ಹಿಡಿಯುವವಳು. ನನ್ನ ಜೀವ ಅವಳ ಕೈಯಲ್ಲಿರುತ್ತದೆ ಎಂದರೆ ನೀನು ಹೆದರುತ್ತೀಯ, ಅದಕ್ಕೇ ಹೇಳುವುದಿಲ್ಲ.) ಬೆಟ್ಟಕ್ಕೆ ಜ್ವರ ಇಳಿಯಿತಾ ಎಂದು ಈಗ ದಿನಾ ಕೇಳುತ್ತಾಳೆ.

ನಿನ್ನ ತಪ್ಪು ಎಲ್ಲಿದೆ ಗೊತ್ತಾ? ಕತ್ತರಿ! ನೀನು ಏನನ್ನು ಕಂಡರೂ ಅಂಚು ನೇರ ಮಾಡುತ್ತೀಯ. ಬಂಡೆಗೆ ಅಂಚು ಹೊಲಿದವರು ಯಾರೂ ಇಲ್ಲ. ಕತ್ತರಿ ಬೀಗ ಹಾಕಿಡು. ಮುರಿ, ಹರಿ, ಚಿವುಟು. ಇನ್ನೊಂದು, ಬಟ್ಟೆಗೆ ಎಳೆ ಇರುವ ಹಾಗೆ ಇಲ್ಲಿನ ಬಂಡೆಗೂ ಎಳೆ ಇದೆ. ಪದರ ಪದರವಾಗಿ ಕೂತಿರುತ್ತದೆ, ಎಲ್ಲ ಪದರಗಳೂ ಒಂದೇ ಕಡೆಗೆ ವಾಲಿರುತ್ತವೆ. ಬಿರುಕು ಬಿಟ್ಟರೂ ಆ ಎಳೆ ಹಿಡಿದೇ ಬಿಡುತ್ತದೆ. ಒಂದು ಪದರ ಆ ಕಡೆ, ಇನ್ನೊಂದು ಈ ಕಡೆ ವಾಲಿಸಿದೆಯೋ, ನೋಡಿದವರಿಗೆ ಸುಳ್ಳು ಎಂದು ತಕ್ಷಣ ಗೊತ್ತಾಗುತ್ತದೆ, ಯಾಕೆ ಎಂದು ಗೊತ್ತಾಗದಿದ್ದರೂ.

ಬಣ್ಣ ನೋಡಲು ನಮ್ಮ ಅಜ್ಜಿಯ ಒಂದು ಚೂರು ಕಳಿಸುತ್ತಿದ್ದೇನೆ. ನಾವು ಹತ್ತಲು ಹೊರಟಿರುವ ಬಂಡೆಗೆ ಇಲ್ಲಿ ಎಲ್ಲರೂ ಅಜ್ಜಿ ಎನ್ನುತ್ತಾರೆ. ಮೇಲ್ತುದಿ ತಲೆಗೆ ಬಟ್ಟೆ ಕಟ್ಟಿಕೊಂಡ ಮುದುಕಿಯ ಹಾಗಿದೆ. ಈ ಮುಖದಿಂದ ಇವತ್ತಿನವರೆಗೆ ಯಾರೂ ಹತ್ತಿಲ್ಲ. ನೀನು ಕೇಳುವುದಿಲ್ಲ ಎಂದೆ, ನಾನು ಹೇಳುತ್ತೇನೆ. ಎರಡು ಸಲವೂ ಅರ್ಧದಲ್ಲಿ ಕೈ ಸೋತಿತು. ನಡುವೆ ಒಂದು ಉದ್ದನೆಯ ಜಾಗವಿದೆ, ಎಲ್ಲಿಯೂ ನಿಂತು ಉಸಿರು ತೆಗೆದುಕೊಳ್ಳುವಂತಿಲ್ಲ. ಬೆರಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಹಗ್ಗದಲ್ಲಿ ಜೋತಾಡಿ ಇಳಿದುಬಂದೆ, ಪೆಟ್ಟೇನೂ ಆಗಲಿಲ್ಲ. ಅಜ್ಜಿ ಬಡಪೆಟ್ಟಿಗೆ ಬಗ್ಗುವವಳಲ್ಲ.

ಮಾತು ನೆನಪಿದೆ, ಅಮ್ಮ. ಕುರ್ಚಿಯೂ ನೆನಪಿದೆ.

ನಿನ್ನ ಕೋತಿ

*

ಫೆಬ್ರವರಿ ೨

ಕೋತಿಮರಿ,

ಬಂತು! ಬಂಡೆ ಬಂತು! ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ ನನಗೆ!

ಕತ್ತರಿಯನ್ನು ನಿನ್ನ ಅಪ್ಪನ ಕೈಗೆ ಕೊಟ್ಟು "ಬಚ್ಚಿಡಿ, ಕೇಳಿದರೂ ಕೊಡಬೇಡಿ" ಎಂದೆ. ರಟ್ಟಿನ ಡಬ್ಬಗಳನ್ನು ಕೈಯಿಂದ ಹರಿದೆ. ಮೊದಮೊದಲು ಎದೆ ಉರಿಯಿತು ಕಣೇ, ಇಷ್ಟು ವರ್ಷ ನೂಲು ತಪ್ಪದಂತೆ ಕತ್ತರಿಸಿದ ಕೈ. ಆಮೇಲೆ ಎಂಥ ಸುಖ ಅಂತೀಯ! ಹರಿಯುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ ಎಷ್ಟೋ ಗಿರಾಕಿಗಳ ಬಟ್ಟೆ ಹರಿದುಕೊಡುತ್ತಿದ್ದೆ. ಹರಿದ ರಟ್ಟುಗಳನ್ನು ಒಂದೇ ಕಡೆಗೆ ವಾಲಿಸಿ ಪೇರಿಸಿ, ಬಿಳಿ ಗೋಂದಿಗೆ ಗೋಡೆಯ ಪುಟ್ಟಿ ಬೆರೆಸಿ ಮೆತ್ತಿದೆ. ಅದು ಹಸಿಯಿರುವಾಗಲೇ ಬ್ರೆಡ್ಡು ಸುತ್ತಿ ಬಂದ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ಬಿಡಿಸಿ, ಒತ್ತಿ ತೆಗೆದೆ. ಸುಕ್ಕುಗಳೆಲ್ಲ ಬಂಡೆಯ ಮೈಮೇಲೆ ಮೂಡಿದವು! ಮೊಟ್ಟೆಯ ಚಿಪ್ಪು ಪುಡಿ ಮಾಡಿ ಬುಡದಲ್ಲಿ ಉದುರಿಸಿದೆ, ಒಡೆದುಬಿದ್ದ ಕಲ್ಲು ಅದು. ಸೋಸಿದ ಚಹಾದ ಚರಟ ಒಣಗಿಸಿ ಸಂದುಗಳಿಗೆ ತುಂಬಿದೆ, ಮಣ್ಣು. ನಿನ್ನ ಅಪ್ಪನಿಗೆ ಈಗ ದಿನಾ ಮೊಟ್ಟೆ, ಗಂಟೆಗೊಮ್ಮೆ ಚಹಾ. "ಬಂಡೆ ದೆಸೆಯಿಂದ ಈ ಮನೇಲಿ ಮರ್ಯಾದೆ ಹೆಚ್ತು" ಎನ್ನುತ್ತಾರೆ.

ಬಣ್ಣದ ಗುಟ್ಟು ಇನ್ನೂ ಸೊಗಸು. ಮೊದಲು ಪೂರ್ತಿ ಬೂದು. ಅದರ ಮೇಲೆ ನೀರು ನೀರಾದ ಕಪ್ಪು ಸುರಿದರೆ ಅದು ತಾನಾಗಿಯೇ ಹೋಗಿ ಬಿರುಕುಗಳಲ್ಲಿ ಕೂರುತ್ತದೆ. ಆಮೇಲೆ ಬ್ರಷ್ಷಿಗೆ ತಿಳಿ ಬಣ್ಣ ಹಚ್ಚಿ, ಅದನ್ನೆಲ್ಲ ಹಳೆಯ ಬಟ್ಟೆಗೆ ಒರೆಸಿ, ಇನ್ನು ಬಣ್ಣವೇ ಇಲ್ಲ ಎನ್ನುವಾಗ ಮೆಲ್ಲಗೆ ಸವರಬೇಕು. ಉಬ್ಬಿದ ಕಡೆ ಮಾತ್ರ ಹತ್ತುತ್ತದೆ, ಬಿಸಿಲು ಬಿದ್ದ ಹಾಗೆ. ಗಡಿಯಾರದ ಮಾಮ ಮೇಕೆಯನ್ನು ಅದರ ಮೇಲೆ ನಿಲ್ಲಿಸಿ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯುವುದನ್ನೂ ಮರೆತು, "ಇನ್ನು ಇದು ಇಳಿಯಲ್ಲ" ಎಂದರು. ಮೇಕೆಗಳ ಕೆಲಸ ಮುಗಿಯಿತು.

ಆದರೆ ನನ್ನ ಕೈ ನಿಲ್ಲುತ್ತಿಲ್ಲ. ಈಗ ನಾನು ಅಜ್ಜಿಯನ್ನು ಮಾಡುತ್ತೇನೆ. ನಿನ್ನ ಅಜ್ಜಿಯನ್ನು, ಹಾಗೆಯೇ, ಬಿರುಕು ಬಿರುಕಿಗೂ ತಾಳೆಯಾಗುವಂತೆ. ಯಾಕೆ ಎಂದು ಕೇಳಬೇಡ. ನೀನು ಬೀಳುವ ಜಾಗ ಯಾವುದು ಎಂದು ನಾನು ಕಣ್ಣುಮುಚ್ಚಿ ಏನೇನೋ ಊಹಿಸಿಕೊಳ್ಳುವುದಕ್ಕಿಂತ ಮೇಜಿನ ಮೇಲೆ ಇಟ್ಟುಕೊಂಡು ನೋಡುವುದೇ ವಾಸಿ. ಫೋಟೋ ಕಳಿಸು. ಒಂದೇ ಜಾಗದಲ್ಲಿ ನಿಂತು ಬೆಳಿಗ್ಗೆ ಒಂದು, ನಡುಹಗಲಿಗೆ ಒಂದು, ಸಂಜೆ ಒಂದು. ಬಟ್ಟೆಯ ಬಣ್ಣವನ್ನು ಅಂಗಡಿಯ ದೀಪದಲ್ಲೂ ನೋಡಬೇಕು, ಬಾಗಿಲಿಗೆ ತಂದೂ ನೋಡಬೇಕು. ಬಂಡೆಯೂ ಅಷ್ಟೇ ಇರಬೇಕು.

ಅಮ್ಮ

*

ಫೆಬ್ರವರಿ ೧೪

ಅಮ್ಮ,

ಫೋಟೋಗಳು ಇದರ ಜೊತೆಗಿವೆ. ಮೂರನ್ನೂ ಕುಳ್ಳಿ ನಮ್ಮ ಟೆಂಟಿನ ಬಾಗಿಲಲ್ಲೇ ಕೂತು ತೆಗೆದಳು. ಸಾಮಾನಿನ ವ್ಯಾನಿನವನು ಪೇಟೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದುಕೊಟ್ಟ. ಅಜ್ಜಿಯ ಮುಖ ಸೂರ್ಯ ಹುಟ್ಟುವ ಕಡೆಗಿದೆ. ಬೆಳಿಗ್ಗೆ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ, ನಡುಹಗಲಿಗೆ ನೆತ್ತಿಯ ಮೇಲಿಂದ ಇಳಿಯುತ್ತದೆ, ಸಂಜೆ ಪೂರ್ತಿ ನೆರಳು.

ನಡುಹಗಲಿನ ಫೋಟೋದ ಮೇಲೆ ಕೆಂಪು ಪೆನ್ನಿನಲ್ಲಿ ನಮ್ಮ ದಾರಿ ಗೀಚಿದ್ದೇನೆ. ಕೆಳಗಿನ ದೊಡ್ಡ ಬಿರುಕು ಹಿಡಿದು ಹತ್ತುವುದು ಸುಲಭ. ಅಲ್ಲಿಂದ ನೇರ ಮೇಲೆ ಹೋಗುವ ಹಾಗಿಲ್ಲ, ಅಲ್ಲೊಂದು ಅಡ್ಡನೆಯ ಕಪ್ಪು ಪಟ್ಟಿ ಕಾಣುತ್ತಿದೆಯಲ್ಲ, ಅದು ನೀರು ಜಿನುಗಿ ಆದ ಕಲೆ. ಒದ್ದೆ ಬಂಡೆ ಎಂದರೆ ಬೆಣ್ಣೆ. ಅದಕ್ಕೆ ಎಡಕ್ಕೆ ಬಳಸಿಕೊಂಡು ಹೋಗುತ್ತೇವೆ. ಕೈ ಸೋಲುವುದು ಆ ಬಳಸುದಾರಿಯಲ್ಲೇ. ಎಡಗಡೆಯ ಬೋಳು ಗೋಡೆ ಕಂಡಿತಾ? ಅಲ್ಲೇ, ಎರಡು ಸಲವೂ.

ಮಾರ್ಚ್ ಕೊನೆಯಲ್ಲಿ ಮೂರನೇ ಪ್ರಯತ್ನ. ಆಮೇಲೆ ಬಂಡೆ ಕಾದು ಮುಟ್ಟಲಾಗದಂತಾಗುತ್ತದೆ, ಶಿಬಿರ ಮುಚ್ಚುತ್ತಾರೆ. ದಿನಾ ಕಂಬಿಗೆ ನೇತಾಡಿ ಕೈ ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ. ಆಗುತ್ತದೆ ಎಂದು ಹೇಳಲಾರೆ. ಆಗಬೇಕು ಎಂದು ಎಷ್ಟು ಆಸೆಯಿದೆ ಎಂದರೆ, ಅದನ್ನು ನಿನಗೆ ಬರೆಯಲೂ ಹೆದರಿಕೆ.

ಅಜ್ಜಿಯ ಮೂಗು ಸರಿಯಾಗಿ ಮಾಡು. ಸ್ವಲ್ಪ ಸೊಟ್ಟಗಿದೆ.

ಕೋತಿ

*

ಫೆಬ್ರವರಿ ೨೬

ಕೋತಿಮರಿ,

ಅಜ್ಜಿ ಎದ್ದು ನಿಂತಿದ್ದಾಳೆ! ಊಟದ ಮೇಜು ಪೂರ್ತಿ ಅವಳದ್ದೇ, ನಾವಿಬ್ಬರೂ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ಉಣ್ಣುತ್ತಿದ್ದೇವೆ. ಮಿಕ್ಸಿಯ ಥರ್ಮೋಕೋಲ್ ಉಳಿದದ್ದನ್ನು ಒಳಗೆ ತುಂಬಿ, ಮೇಲೆ ರಟ್ಟು, ಅದರ ಮೇಲೆ ಪುಟ್ಟಿ. ಜ್ವರ ಬರಿಸಿದ ಆ ಸ್ಪ್ರೇ ಬಣ್ಣವೂ ಕೆಲಸಕ್ಕೆ ಬಂತು! ಬೇರೆ ತುಂಡಿಗೆ ದೂರದಿಂದ ಚೂರೇ ಚೂರು ಹೊಡೆದರೆ ಗಾಳಿ ಮಳೆಗೆ ಸವೆದ ಕಲ್ಲಿನ ಹಾಗೆ ಗುಳಿ ಗುಳಿ ಬೀಳುತ್ತದೆ. ಬಾಗಿಲು ಕಿಟಕಿ ತೆರೆದಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆದೆ. ಅಜ್ಜಿಯ ಕೆನ್ನೆಗೆ ಅದನ್ನೇ ಅಂಟಿಸಿದ್ದೇನೆ. ಮೂಗು ಸೊಟ್ಟಗೇ ಇದೆ, ಹೆದರಬೇಡ.

ನೀನು ಕಳಿಸಿದ ಚೂರನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣ ಕಲಸಿದೆ. ಎಲ್ಲ ಸರಿಹೋಯಿತು, ಆ ಕಪ್ಪು ಕಲೆಯೊಂದು ಬಿಟ್ಟು. ಕಪ್ಪಿಗೆ ಚೂರು ಹಸಿರು ಬೆರೆಸಿ ಬಳಿದೆ, ಮಸಿ ಮೆತ್ತಿದ ಹಾಗೆ ಕಂಡಿತು. ಒರೆಸಿ ಮತ್ತೆ ಬಳಿದೆ, ಊಹೂಂ. ಫೋಟೋದಲ್ಲಿ ಅದರ ಮೇಲಂಚು ಇಸ್ತ್ರಿ ಹಾಕಿದ ಹಾಗೆ ನೇರ ಇದೆ, ಕೆಳಗಂಚು ಮಾತ್ರ ಮೆತ್ತಗೆ ಹರಡಿಕೊಂಡಿದೆ. ಇಂಥ ಅಂಚನ್ನು ನಾನು ಎಲ್ಲೋ ದಿನಾ ನೋಡುತ್ತೇನಲ್ಲ ಎನ್ನಿಸಿತು.

ಭಾನುವಾರ ನಿನ್ನ ಅಪ್ಪನಿಗೆ ಬಸ್ಸಿನ ಕೆಲಸಕ್ಕೆ ರಜೆ. ಪರದೆಗಳನ್ನೆಲ್ಲ ಎಳೆದು ಅವರ ಕೈಗೆ ಟಾರ್ಚ್ ಕೊಟ್ಟು "ನೀವೀಗ ಸೂರ್ಯ" ಎಂದೆ. "ಯಾವ ಸ್ಟಾಪಿನಿಂದ ಹೊರಡಲಿ?" ಎಂದರು. ಬೆಳಗಿನಿಂದ ಹೊರಡಿಸಿದೆ. ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ, ನೆತ್ತಿಯ ಮೇಲೆ. ನಾನು ಮೂರೂ ಫೋಟೋ ಹಿಡಿದು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡುತ್ತಿದ್ದೆ. ಆಮೇಲೆ ಆ ಪಟ್ಟಿಯ ಜಾಗದಲ್ಲಿ ಒಂದು ರಟ್ಟಿನ ಚೂರು ಸಿಕ್ಕಿಸಿ, ಮತ್ತೊಮ್ಮೆ ಸೂರ್ಯನನ್ನು ಹತ್ತಿಸಿದೆ.

ಸಾಕು, ಈ ಪತ್ರ ಇಲ್ಲಿಗೆ ಮುಗಿಸುತ್ತೇನೆ. ಗಿರಾಕಿ ಬಂದರು. ಮೈ ಹುಷಾರು.

ಅಮ್ಮ

*

ಮಾರ್ಚ್ ೧೦

ಅಮ್ಮ,

ಆ ಪತ್ರದ ನಂತರ ಎರಡು ಸಲ ವ್ಯಾನು ಬಂತು, ನಿನ್ನದು ಇನ್ನೊಂದು ಬರಲಿಲ್ಲ. ಅಷ್ಟು ಜೋರಾಗಿ ಹಾರಾಡುತ್ತಿದ್ದವಳು ಒಮ್ಮೆಗೇ ಸುಮ್ಮನಾದರೆ ನನಗೆ ಹೇಗಾಗಬೇಡ? ಗಿರಾಕಿ ಬಂದರೆ ನೀನು ಪತ್ರ ಮುಚ್ಚಿಡುತ್ತೀಯೇ ಹೊರತು ಮುಗಿಸುವುದಿಲ್ಲ. ಏನಾಯಿತು? ಸೂರ್ಯ ಅಜ್ಜಿಯ ಮೇಲೆ ಬಿದ್ದನಾ?

ವಿಮಾ ಕಚೇರಿಯ ಮೇಡಂ ನನಗೂ ಬರೆದಿದ್ದಾರೆ. ಒಳ್ಳೆಯವರು. ಏಪ್ರಿಲ್ ಹದಿನೈದಕ್ಕೆ ಬಂದು ಸೇರು ಎಂದಿದ್ದಾರೆ. ಕುಳ್ಳಿಗೆ ತೋರಿಸಿದೆ, ಅವಳು ಹಗ್ಗದ ಗಂಟು ಬಿಚ್ಚಿ ಕಟ್ಟುತ್ತ ಕೂತಳು. ನಿನ್ನೆ ಮತ್ತೆ ಆ ಬೋಳು ಗೋಡೆಯವರೆಗೆ ಹೋಗಿ ನೋಡಿದೆ. ಕಂಬಿಗೆ ಎಷ್ಟು ನೇತಾಡಿದರೂ ಅಷ್ಟೇ, ಅಷ್ಟು ಉದ್ದಕ್ಕೆ ನನ್ನ ಕೈ ಸಾಲದು. ಆದರೂ ಕೊನೆಯ ಸಲ ಹೋಗುತ್ತೇನೆ. ಆಗದಿದ್ದರೆ ಬಂದು ಕುರ್ಚಿಯಲ್ಲಿ ಕೂರುತ್ತೇನೆ, ಮುಖ ಗಂಟಿಕ್ಕುವುದಿಲ್ಲ, ಮಾತು ಮಾತೇ.

ಕೋತಿ

*

ಮಾರ್ಚ್ ೧೪

ಮಗಳೇ,

ನಾನು ಬರೆಯುವವನಲ್ಲ, ನಿನಗೆ ಗೊತ್ತು. ನಿನ್ನ ಪತ್ರ ಬಂತು, ನಿನ್ನ ಅಮ್ಮ ಓದಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾಳೆ. ಟಾರ್ಚ್ ಹಿಡಿದ ಭಾನುವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ. "ಏನೇ ಕಂಡ್ತು?" ಅಂದರೆ "ಏನೂ ಇಲ್ಲ" ಅಂತಾಳೆ. ಏನೂ ಇಲ್ಲದಿದ್ದರೆ ಬಂಡೆಗೆ ಬೆಡ್‌ಶೀಟ್ ಹೊದಿಸಿಡುತ್ತಾರಾ? ಅದನ್ನು ದಿನಕ್ಕೆ ನಾಲ್ಕು ಸಲ ತೆಗೆದು ನೋಡಿ ಮತ್ತೆ ಹೊದಿಸುತ್ತಾರಾ?

ನಿನಗೆ ಬರೆಯುತ್ತಾಳೆ, ಹರಿಯುತ್ತಾಳೆ. ಕಸದ ಬುಟ್ಟಿ ತುಂಬಿದೆ. ಹರಿಯುವುದನ್ನು ಚೆನ್ನಾಗಿಯೇ ಕಲಿಸಿದ್ದೀಯ. ಆ ಚೂರುಗಳನ್ನು ನಾನು ಓದಿಲ್ಲ, ಓದುವುದೂ ಇಲ್ಲ. ಆದರೆ ಇವತ್ತು ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಒಂದು ಮಾತು ಹೇಳಿದೆ. "ನಿನ್ನ ಬಂಡೆ ಕೆಲಸ ನೀನೇ ಮಾಡಿದ್ದು, ಏನು ಮಾಡಬೇಕೋ ನೀನೇ ನೋಡು. ಆದರೆ ಈ ಬೆಡ್‌ಶೀಟ್ ನನಗೆ ಬೇಕು, ರಾತ್ರಿ ಚಳಿ ಆಗುತ್ತೆ" ಅಂತ. ನಗಲಿಲ್ಲ.

ಹುಷಾರು.

ಅಪ್ಪ (ಸೂರ್ಯ)

*

ಮಾರ್ಚ್ ೧೬

ಮಗಳೇ,

ಅದು ಕಲೆಯಲ್ಲ. ನೆರಳು!

ಬರೆದುಬಿಟ್ಟೆ. ಇನ್ನು ಹರಿಯುವುದಿಲ್ಲ.

ಮೂರೂ ಫೋಟೋಗಳನ್ನು ಪಕ್ಕಪಕ್ಕದಲ್ಲಿಡು. ನಡುಹಗಲಿನದರಲ್ಲಿ ಕಪ್ಪು ಪಟ್ಟಿ ಇದೆ. ಬೆಳಗಿನದರಲ್ಲಿ? ಇಲ್ಲ! ನೀರಿನ ಕಲೆಯಾದರೆ ಬೆಳಿಗ್ಗೆ ಒದ್ದೆ ಇದ್ದು ಮಧ್ಯಾಹ್ನ ಒಣಗಬೇಕು. ಬೆಳಿಗ್ಗೆ ಒಣಗಿದ್ದು ಬಿಸಿಲೇರಿದ ಮೇಲೆ ಒದ್ದೆಯಾಗುವ ಗೋಡೆಯನ್ನು ನೀನು ಎಲ್ಲಾದರೂ ನೋಡಿದ್ದೀಯಾ? ಬಚ್ಚಲುಮನೆ ಬಟ್ಟೆಯೂ ಹಾಗೆ ಮಾಡುವುದಿಲ್ಲ. ಮೇಲಂಚು ನೇರ, ಕೆಳಗಂಚು ಮೆತ್ತಗೆ ಎಂದಿದ್ದೆನಲ್ಲ, ಅದನ್ನು ಎಲ್ಲಿ ನೋಡಿದ್ದು ಎಂದು ಹೊಳೆಯಿತು. ಲಂಗದ ನೆರಿಗೆ! ದೀಪ ಮೇಲಿದ್ದರೆ ಮಡಿಕೆಯ ಕೆಳಗೆ ಬೀಳುವ ನೆರಳು ಥೇಟ್ ಹಾಗೇ ಇರುತ್ತದೆ. ಬಟ್ಟೆ ಮುಂದಕ್ಕೆ ಬಂದಿದ್ದರೆ ತಾನೇ ಕೆಳಗೆ ನೆರಳು ಬೀಳುವುದು? ಬಂಡೆಯೂ ಅಲ್ಲಿ ಮುಂದಕ್ಕೆ ಬಂದಿದೆ!

ಅದಕ್ಕೇ ಬಣ್ಣದಲ್ಲಿ ಆ ಕಲೆ ಕೂರುತ್ತಿರಲಿಲ್ಲ. ಬಳಿದರೆ ಸುಳ್ಳು ಕಾಣುತ್ತದೆ, ಯಾಕೆಂದರೆ ಅಲ್ಲಿ ಬಳಿಯಲು ಏನೂ ಇಲ್ಲ. ರಟ್ಟಿನ ಚೂರನ್ನು ಅಂಚಿನಂತೆ ಸಿಕ್ಕಿಸಿ ನಿನ್ನ ಅಪ್ಪನ ಟಾರ್ಚನ್ನು ನೆತ್ತಿಗೆ ಹತ್ತಿಸಿದೆ. ಪಟ್ಟಿ ಬಂತು! ಅದೇ ಜಾಗದಲ್ಲಿ, ಅದೇ ಅಗಲ. ಬೆಳಗಿನ ಜಾಗಕ್ಕೆ ಇಳಿಸಿದೆ, ಮಾಯ. ಎಷ್ಟು ಮುಂದಕ್ಕೆ ಬಂದರೆ ಫೋಟೋದಷ್ಟು ನೆರಳು ಬೀಳುತ್ತದೆ ಎಂದು ರಟ್ಟನ್ನು ಎಳೆದು, ದೂಡಿ ನೋಡಿದೆ. ಅದು ಒಬ್ಬ ಮನುಷ್ಯ ಕೂರುವಷ್ಟು ಅಗಲವಿದೆ ಕಣೇ. ಕೂರುವಷ್ಟು! ನೀವು ಎಡಕ್ಕೆ ಬಳಸಿಕೊಂಡು ಹೋಗುವಾಗ ಅದು ನಿಮಗೆ ಕಾಣುವುದಿಲ್ಲ, ಕೆಳಗಿನ ಉಬ್ಬು ಮರೆಮಾಡುತ್ತದೆ. ಟೆಂಟಿನಿಂದ ನೋಡಿದರೆ ಎಲ್ಲ ಒಂದೇ ಮಟ್ಟ. ಮೇಜಿನ ಮೇಲಿಟ್ಟುಕೊಂಡವಳಿಗೆ ಮಾತ್ರ ಸುತ್ತು ಬಂದು ನೋಡುವ ಭಾಗ್ಯ.

ಆದರೆ ನಾನು ಹೇಳಿದೆನೆಂದು ಹೋಗಿ ನೇತಾಡಬೇಡ! ನಾನು ಹೊಲಿಗೆಯವಳು, ನನ್ನದು ಮೊಟ್ಟೆಚಿಪ್ಪಿನ ಬಂಡೆ. ಮೊದಲು ಒಂದು ಕೆಲಸ ಮಾಡು. ಒಂದು ಬೆಳಿಗ್ಗೆ ಪೂರ್ತಿ ಬೈನಾಕ್ಯುಲರ್ ಹಿಡಿದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಪಟ್ಟಿಯನ್ನೇ ನೋಡುತ್ತ ಕೂರು. ಬಿಸಿಲು ಏರಿದಂತೆ ಅದು ಕೆಳಗೆ ಇಳಿಯುತ್ತ ಉದ್ದವಾದರೆ ನೆರಳು. ಹಾಗೇ ಇದ್ದರೆ ಕಲೆ, ನನ್ನ ಮಾತು ಮರೆತುಬಿಡು. ಉದ್ದವಾದರೆ, ಎಡಕ್ಕೆ ಹೋಗಬೇಡ. ಬಿರುಕಿನಿಂದ ನೇರ ಮೇಲೆ ಹೋಗು.

ಇದನ್ನು ಬರೆಯದಿದ್ದರೆ ನೀನು ಏಪ್ರಿಲ್ ಹದಿನೈದಕ್ಕೆ ಮನೆಯಲ್ಲಿರುತ್ತಿದ್ದೆ. ನಿನ್ನ ಕೋಣೆಯ ಪರದೆಗಳನ್ನು ಒಗೆದು ಹಾಕಿದ್ದೇನೆ. ಆ ವಿಷಯ ಇಲ್ಲಿಗೆ ಸಾಕು.

ಪಟ್ಟಿಯ ಸುತ್ತಲಿನ ಭಾಗವನ್ನಷ್ಟೇ ಪ್ಲಾಸ್ಟರಿನಲ್ಲಿ ಇನ್ನೊಮ್ಮೆ ಮಾಡಿ, ಹಳೆಯ ಸ್ವೆಟರಿನಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಅಂಚಿನ ಬಲಗಡೆ ಒಂದು ಸಣ್ಣ ಬಿರುಕಿದೆ, ಬೆಳಗಿನ ಫೋಟೋದಲ್ಲಿ ಕೂದಲೆಳೆಯಷ್ಟು ಕಾಣುತ್ತದೆ. ಬೆರಳು ಹೋಗಬಹುದು. ಸ್ವೆಟರ್ ಹಾಕಿಕೋ, ಸುಮ್ಮನೆ ಚೀಲದಲ್ಲಿ ಇಡಬೇಡ.

ಅಮ್ಮ

*

ಮಾರ್ಚ್ ೩೦

ಅಮ್ಮಾ! ಅಮ್ಮಾ! ಅಮ್ಮಾ!

ಕೂತೆ! ನಾನು ಅಲ್ಲಿ ಕೂತೆ! ಕಾಲು ಇಳಿಬಿಟ್ಟುಕೊಂಡು, ಬೆನ್ನು ಅಜ್ಜಿಗೆ ಆನಿಸಿಕೊಂಡು, ಜೇಬಿನಲ್ಲಿದ್ದ ಬ್ರೆಡ್ಡು ತಿಂದೆ!

ಕ್ರಮವಾಗಿ ಹೇಳುತ್ತೇನೆ ಇರು. ನಿನ್ನ ಪತ್ರ ಓದಿ ಕುಳ್ಳಿ ಮೊದಲು ಬಾಯಿ ಬಿಟ್ಟು ಕೂತಳು, ಆಮೇಲೆ ಬೈನಾಕ್ಯುಲರ್ ಕಿತ್ತುಕೊಂಡಳು. ಮರುದಿನ ಬೆಳಗಿನಿಂದ ಸರದಿಯ ಮೇಲೆ ನೋಡಿದೆವು. ಮೊದಲು ಏನೂ ಇರಲಿಲ್ಲ. ಆಮೇಲೆ ದಾರದಂಥ ಒಂದು ಗೆರೆ. ಆಮೇಲೆ ರಿಬ್ಬನ್ನು. ಇಳಿಯಿತು ಅಮ್ಮ, ನಮ್ಮ ಕಣ್ಣೆದುರಿಗೇ ಇಳಿಯಿತು! ಕುಳ್ಳಿ ಎದ್ದು ಕುಣಿಯುತ್ತ ಟೆಂಟಿನ ಹಗ್ಗ ಎಡವಿ ಬಿದ್ದಳು. ಎರಡು ವರ್ಷದಿಂದ ಆ ಪಟ್ಟಿಯನ್ನು ದಿನಾ ನೋಡಿದ್ದೇವೆ. ಮೊದಲ ದಿನ ಯಾರೋ ಕಲೆ ಎಂದರು, ಅವತ್ತಿನಿಂದ ಅದು ಕಲೆಯೇ.

ಬಿರುಕಿನ ಕೊನೆಯಲ್ಲಿ ಎಡಕ್ಕೆ ಹೋಗುವ ಅಭ್ಯಾಸದ ಕಾಲನ್ನು ಬಲವಂತವಾಗಿ ತಡೆದು ನೇರ ಮೇಲಕ್ಕೆ ಕೈ ಚಾಚಿದೆ. ಉಬ್ಬು ದಾಟುವಾಗ ಜೀವ ಬಾಯಿಗೆ ಬಂತು, ಎದುರಿಗೆ ಏನೂ ಕಾಣುವುದಿಲ್ಲ. ಕಣ್ಣು ಮುಚ್ಚಿ ನಿನ್ನ ಪ್ಲಾಸ್ಟರಿನ ತುಂಡನ್ನು ನೆನಪಿಸಿಕೊಂಡೆ. ಅದನ್ನು ಎಷ್ಟು ಸಲ ಸವರಿದ್ದೆನೆಂದರೆ ಬೆರಳಿಗೆ ಬಾಯಿಪಾಠವಾಗಿತ್ತು. ಬಲಗಡೆಯ ಕೂದಲೆಳೆಯ ಬಿರುಕು ಅಲ್ಲೇ ಇತ್ತು! ಎರಡು ಬೆರಳು ಒಳಗೆ ಹೋದವು. ಮೈ ಎತ್ತಿದೆ, ಮೊಣಕಾಲು ಹಾಕಿದೆ, ಕೂತೆ. ಇಬ್ಬರು ಆರಾಮವಾಗಿ ಕೂರಬಹುದು, ಮೂರನೆಯವರು ಬಂದರೆ ಜಗಳವಾಗುತ್ತದೆ. ಅಲ್ಲಿ ಕೂತು ಅತ್ತುಬಿಟ್ಟೆ. ಕೆಳಗಿನಿಂದ ಕುಳ್ಳಿ "ಏನಾಯ್ತೇ? ಏನಾಯ್ತೇ?" ಎಂದು ಕೂಗುತ್ತಿದ್ದಳು. "ಬ್ರೆಡ್ ತಿಂತಿದೀನಿ" ಎಂದೆ.

ಕೈ ಸುಧಾರಿಸಿದ ಮೇಲೆ ಮಿಕ್ಕದ್ದು ಮೆಟ್ಟಿಲು ಹತ್ತಿದಂತಾಯಿತು. ಅಜ್ಜಿಯ ನೆತ್ತಿಯ ಮೇಲೆ ನಿಂತೆ. ಎಲ್ಲ ಕಡೆಯೂ ಗಾಳಿ. ನಿನ್ನ ಸ್ವೆಟರ್ ಹಾಕಿಕೊಂಡಿದ್ದೆ.

ಮೊದಲು ಹತ್ತಿದವರಿಗೆ ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಹೆಸರಿಡುವ ಹಕ್ಕಿರುತ್ತದೆ. ಆ ಅಂಚಿಗೆ 'ಹೊಲಿಗೆಯಮ್ಮನ ನೆರಿಗೆ' ಎಂದಿಡು ಎಂದು ಕುಳ್ಳಿ ಹಟ ಹಿಡಿದಳು. ನಾನು 'ಅಮ್ಮನ ಜಗಲಿ' ಎಂದಿಟ್ಟೆ. ಶಿಬಿರದ ನಕ್ಷೆಯಲ್ಲಿ ಆಗಲೇ ಬರೆದಾಯಿತು. ಇನ್ನು ಮುಂದೆ ಯಾರೇ ಹತ್ತಿದರೂ ನಿನ್ನ ಜಗಲಿಯಲ್ಲಿ ಕೂತು ದಣಿವಾರಿಸಿಕೊಂಡೇ ಹೋಗಬೇಕು.

ಶಿಬಿರದವರು ಮುಂದಿನ ವರ್ಷದಿಂದ ಇಲ್ಲೇ ಕಲಿಸಲು ಕರೆದಿದ್ದಾರೆ. ಹೂಂ ಎಂದಿದ್ದೇನೆ. ಮೇಡಂಗೆ ಏನು ಬರೆಯಲಿ ಎಂದು ತೋಚುತ್ತಿಲ್ಲ. ನಿನಗೂ.

ನಿನ್ನ ಕೋತಿ

*

ಏಪ್ರಿಲ್ ೧೧

ನನ್ನ ಕೋತಿಮರಿಗೆ,

ನಿನ್ನ ಪತ್ರವನ್ನು ನಿಂತೇ ಓದಿದೆ. ಓದಿ ಮುಗಿಸಿ ಕೂತೆ, ಮತ್ತೆ ಎದ್ದೆ, ಬೀದಿಗೆ ಓಡಿದೆ. ಗಡಿಯಾರದ ಮಾಮನಿಗೆ ಹೇಳಿದೆ, ಎದುರಿನ ಬೇಕರಿಯವರಿಗೆ ಹೇಳಿದೆ, ಗುರುತೇ ಇಲ್ಲದ ಒಬ್ಬ ಅಂಚೆಯವನಿಗೂ ಹೇಳಿದೆ. ನಿನ್ನ ಅಪ್ಪ ತಮ್ಮ ಬಸ್ಸಿನಲ್ಲಿ ಹತ್ತಿದವರಿಗೆಲ್ಲ "ನನ್ನ ಮಗಳು ಅಜ್ಜಿ ತಲೆ ಮೇಲೆ ನಿಂತಳು" ಎಂದರಂತೆ. ಕೆಲವರು ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು.

ನಿನ್ನೆ ಪ್ರದರ್ಶನ. ಹಾಲ್ ತುಂಬ ಜನ! ಮೇಕೆಗಳ ಮುಂದೆ ಮಕ್ಕಳ ನೂಕುನುಗ್ಗಲು. ಬಹುಮಾನ ಬೆಂಕಿಕಡ್ಡಿಯಲ್ಲಿ ಹಡಗು ಮಾಡಿದವರಿಗೆ ಹೋಯಿತು, ಹೋಗಲಿ ಬಿಡು, ಹಡಗು ಚೆನ್ನಾಗಿತ್ತು. ನಮ್ಮ ಅಜ್ಜಿಯನ್ನು ಕಿಟಕಿಯ ಪಕ್ಕದಲ್ಲಿ ಇಡಿಸಿದೆ. ಬಿಸಿಲು ಏರಿದಂತೆ ಜಗಲಿಯ ಕೆಳಗೆ ನೆರಳು ಇಳಿಯುವುದನ್ನು ಜನ ನಿಂತು ನೋಡಿದರು. ನಾನು ಬಾಯಿ ಒಣಗುವವರೆಗೆ ವಿವರಿಸಿದೆ. ಇದು ಮೊಟ್ಟೆಚಿಪ್ಪು, ಇದು ಚಹಾದ ಚರಟ, ಇದು ಮಿಕ್ಸಿಯ ಡಬ್ಬ, ಇದು ನನ್ನ ಮಗಳು.

ನೀನೂ ಇದ್ದೀಯ. ಮಾಮ ಗಡಿಯಾರದ ತಂತಿಯಿಂದ ನಿನ್ನನ್ನು ಅಕ್ಕಿಕಾಳಿನಷ್ಟು ಮಾಡಿಕೊಟ್ಟರು, ನಾನು ಕೆಂಪು ನೂಲು ಸುತ್ತಿ ಸ್ವೆಟರ್ ಮಾಡಿದೆ. ನಿಜ ಹೇಳುತ್ತೇನೆ, ಅದು ಫೆಬ್ರವರಿಯಲ್ಲೇ ತಯಾರಾಗಿತ್ತು. ಇಷ್ಟು ದಿನ ಬಂಡೆಯ ಬುಡದಲ್ಲಿ, ನೆಲದ ಮೇಲೆ ನಿಲ್ಲಿಸಿಕೊಂಡಿದ್ದೆ.

ವಿಮಾ ಕಚೇರಿಯ ಮೇಡಂ ಹೊಸ ಕೋಟು ಹಾಕಿಕೊಂಡು ಬಂದಿದ್ದರು. ಅಜ್ಜಿಯನ್ನು ಸುತ್ತು ಬಂದು ನೋಡಿ, "ಹಾಗಾದ್ರೆ ಕುರ್ಚಿ?" ಎಂದರು. "ಬೇರೆಯವರಿಗೆ ಕೊಟ್ಬಿಡಿ ಮೇಡಂ, ಅವಳಿಗೆ ಕೂರೋಕೆ ಜಾಗ ಸಿಕ್ಕಿದೆ" ಎಂದೆ. ಹೇಳಲು ಸುಲಭವಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಹೇಳಿದೆ. ನೀನು ಅವರಿಗೆ ಬರೆಯುವುದೇನೂ ಉಳಿದಿಲ್ಲ. ನಿನ್ನ ಕೋಣೆಯ ಪರದೆ ಹಾಗೇ ಇರುತ್ತದೆ, ಶಿಬಿರ ಮುಚ್ಚಿದ ಮೇಲೆ ಕುಳ್ಳಿಯನ್ನೂ ಕರೆದುಕೊಂಡು ಬಾ. ಅವಳು ಹಗ್ಗ ಹಿಡಿಯುವ ಕೈ ನಾನು ನೋಡಬೇಕು.

ನೆಲದ ಮೇಲಿಂದ ನಿನ್ನನ್ನು ಎತ್ತುವಾಗ ಸುತ್ತ ನಿಂತವರೆಲ್ಲ "ತುದೀಲಿ ನಿಲ್ಸಿ, ತುದೀಲಿ ನಿಲ್ಸಿ" ಎಂದರು. ನಿನ್ನ ಅಪ್ಪನೂ ಅದನ್ನೇ ಹೇಳಿದರು. ನಾನು ಕೇಳಲಿಲ್ಲ. ತಂತಿಯ ಕಾಲುಗಳನ್ನು ಮೆಲ್ಲಗೆ ಬಗ್ಗಿಸಿ ಜಗಲಿಯ ಮೇಲೆ ಕೂರಿಸಿದೆ. ತುದಿಗೆ ಆಮೇಲೆ ಹೋಗುತ್ತೀಯ, ನಿನ್ನನ್ನು ತಡೆಯುವವರು ಯಾರು. ಸದ್ಯ ಕಾಲು ಇಳಿಬಿಟ್ಟುಕೊಂಡು ಕೂತಿದ್ದೀಯ. ಕೂತಿರು ಸ್ವಲ್ಪ ಹೊತ್ತು.

ನಿನ್ನ ಅಮ್ಮ